ಬಿಳುಪು ಕಡಿಮೆಯಾಗಿದೆ, ಗಡ್ಡೆ?

ಹಾಸನದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ರೇಡಿಯಾಲಜಿಸ್ಟ್. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಯವರಿಗೆ ಆಪರೇಷನ್, ರೇಡಿಯೇಷನ್ ಹೆಚ್ಚಾಗಿ ಬೆಂಗಳೂರಿನಲ್ಲೇ ಆಗಿರುತ್ತದೆ. ಸಕಲೇಶಪುರ, ಆಲೂರು ಕಡೆಯವರು ಆಮೇಲಿನ ಎಂಆರ್‌ಐಗೆ ಇಲ್ಲಿಗೆ ಬರುತ್ತಾರೆ. ಫಿಲಂ ನೋಡುವ ಮೊದಲೇ ನಾನು ಕೇಳುತ್ತೇನೆ: ಬೆವಾಸಿಝುಮ್ಯಾಬ್ ಇಂಜೆಕ್ಷನ್ ಆಗಿದೆಯಾ? ಕೊನೆಯ ಡೋಸ್ ಯಾವಾಗ?

ಗಡ್ಡೆ ಬೆಳೆದಂತೆ ಒಳಗೆ ಆಮ್ಲಜನಕ ಸಾಲುವುದಿಲ್ಲ. ಆಗ ಅದು ವಿಇಜಿಎಫ್ ಎಂಬ ಪ್ರೋಟೀನ್ ಬಿಟ್ಟು ಹೊಸ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಅವಸರದಲ್ಲಿ ಬೆಳೆದ ಈ ನಾಳಗಳು ತೋಟದ ಹಳೇ ಡ್ರಿಪ್ ಪೈಪಿನ ಹಾಗೆ ಕಂಡಲ್ಲೆಲ್ಲ ಸೋರುತ್ತವೆ. ಸ್ಕ್ಯಾನಿನ ವೇಳೆ ನಾವು ರಕ್ತನಾಳಕ್ಕೆ ಕೊಡುವ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಅಲ್ಲಿ ಹೊರಬಿದ್ದು ಬೆಳ್ಳಗೆ ಕಾಣುತ್ತದೆ. ಬೆವಾಸಿಝುಮ್ಯಾಬ್ ವಿಇಜಿಎಫ್ ಅನ್ನೇ ಹಿಡಿದುಹಾಕುವುದರಿಂದ ಸೋರಿಕೆ ಬೇಗ ನಿಲ್ಲುತ್ತದೆ, ಬಿಳುಪೂ ಮಾಯ. ಗಡ್ಡೆಯ ಕಣಗಳು ಮಾತ್ರ ಅಲ್ಲೇ ಇರಬಹುದು, ಬಿಳುಪಿಲ್ಲದೆಯೇ ಹರಡಲೂಬಹುದು.

2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಹೊಸದಾಗಿ ಪತ್ತೆಯಾದವರಿಗೆ ಮೊದಲಿಂದಲೇ ಈ ಔಷಧಿ ಕೊಟ್ಟು ನೋಡಿದರು. ಒಂದರಲ್ಲಿ ರೋಗ ಮತ್ತೆ ಹೆಚ್ಚುವವರೆಗಿನ ಅವಧಿ 6.2 ತಿಂಗಳಿಂದ 10.6ಕ್ಕೆ ಏರಿತು. ಬದುಕಿದ ಅವಧಿ ಮಾತ್ರ ಔಷಧಿ ಪಡೆದವರು, ಪಡೆಯದವರು ಎರಡೂ ಗುಂಪಿಗೆ ಹೆಚ್ಚುಕಡಿಮೆ 17 ತಿಂಗಳೇ. ಇದನ್ನು ಓದಿ ಔಷಧಿಯೇ ದಂಡ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಸೋರಿಕೆ ನಿಂತು ಮೆದುಳಿನ ಊತ ಇಳಿದು, ಊತಕ್ಕೆಂದು ಕೊಡುವ ಸ್ಟೆರಾಯ್ಡ್ ಕಡಿಮೆಯಾಗಿ, ತಡವರಿಸುತ್ತಿದ್ದವರು ಮನೆಯವರ ಜೊತೆ ಸಲೀಸಾಗಿ ಮಾತಾಡಿದ್ದನ್ನು ಕಂಡಿದ್ದೇನೆ. ಇಷ್ಟು ಕಡಿಮೆ ಕಾಲ ಉಳಿದಿರುವಾಗ ಅದು ಸಣ್ಣ ಸಂಗತಿಯಲ್ಲ.

ಕಾಫಿ ಎಸ್ಟೇಟಿನ ರೈಟರ್ ಒಬ್ಬರ ಮಗಳು ಎರಡು ಫಿಲಂ ಪಕ್ಕಪಕ್ಕ ಹಿಡಿದು, "ಸಾರ್, ಪೂರ್ತಿ ಕರಗಿದೆ ಅಲ್ವಾ?" ಅಂದರು. "ಊತ ಇಳಿದಿದೆಯಮ್ಮಾ, ಅದು ಒಳ್ಳೇದೇ. ಗಡ್ಡೆ ಹೋಗಿದೆ ಅನ್ನೋಕೆ ಇದು ಸಾಲದು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಚೆನ್ನಾಗಿರೋವಾಗ್ಲೇ ಬ್ಯಾಂಕಿನ ಕೆಲಸ ಮುಗಿಸಿಬಿಡ್ಲಾ? ಅಪ್ಪ ಈಗ ಸಹಿ ಹಾಕ್ತಾರೆ" ಎಂದು ಕೇಳಿದರು. ಮುಗಿಸಿ ಅಂದೆ. ಅವರಿಗೆ ಬೇಕಿದ್ದದ್ದು ಆ ಉತ್ತರ.

ಆದ್ದರಿಂದ ನಮ್ಮಲ್ಲಿ ಕಲಿಯಲು ಬರುವ ಹುಡುಗರಿಗೆ ಹೇಳುತ್ತೇನೆ: ಈ ಇಂಜೆಕ್ಷನ್ ಆದವರ ರಿಪೋರ್ಟಿನಲ್ಲಿ ಬಿಳುಪಿನ ಅಳತೆಗೇ ನಿಲ್ಲಬೇಡಿ. ಫ್ಲೇರ್ ಚಿತ್ರದಲ್ಲಿ (ಊತವೂ ಬಿಳುಪಿಲ್ಲದೆ ಹರಡಿದ ಗಡ್ಡೆಯೂ ಕಾಣಬಲ್ಲ ಎಂಆರ್‌ಐ ಚಿತ್ರ) ಬದಲಾವಣೆ ಎಲ್ಲಿವರೆಗೆ ಹಬ್ಬಿದೆ ಬರೆಯಿರಿ, ಹಿಂದಿನ ಸ್ಕ್ಯಾನಿಗೆ ಹೋಲಿಸಿ, ಸ್ಟೆರಾಯ್ಡ್ ಎಷ್ಟು ನಡೆಯುತ್ತಿದೆ ಕೇಳಿ ಅದನ್ನೂ ಸೇರಿಸಿ.