ಹೊಸ ಬೋರ್ಡ್ ಗೇಮ್ ಕಲಿಸಲು ಎಷ್ಟು ಜನ ಬೇಕು?

ನಾನು ಬೋರ್ಡ್ ಗೇಮ್ ಆಡುತ್ತೇನೆ ಅಂತ ಗೊತ್ತಾದವರು ಬೇಗನೆ ಕೇಳಿಬಿಡುವ ಪ್ರಶ್ನೆ: "ಬಾಕ್ಸ್ ಮೇಲೆ 2–5 ಜನ ಅಂತ ಇದೆಯಲ್ಲ, ಹೊಸಬರಿಗೆ ಕಲಿಸುವಾಗ ಎಷ್ಟು ಜನ ಕೂತರೆ ಒಳ್ಳೆಯದು?"

ಮೂರು. ಕಲಿಸುವವರನ್ನೂ ಸೇರಿಸಿ ಮೂರು. ಐದು ಜನ ಸೇರಿದ್ದರೆ ಎಲ್ಲರಿಗೂ ಗೊತ್ತಿರುವ ಆಟವನ್ನೇ ತೆಗೆಯಿರಿ.

ಬಾಕ್ಸಿನ ಅಂಕಿ ಇಷ್ಟು ಜನ ಆಡಬಹುದು ಅನ್ನುತ್ತದೆ, ಅಷ್ಟೇ. ಜನ ಹೆಚ್ಚುಕಡಿಮೆಯಾದರೆ ಆಟವೇ ಬೇರೆಯಾಗುತ್ತದೆ. 2017ರ ಅಜುಲ್ ನೋಡಿ, ಸರದಿಗೊಂದು ಬಣ್ಣದ ಬಿಲ್ಲೆಗಳನ್ನು ಎತ್ತಿ ತಮ್ಮ ಹಲಗೆಯಲ್ಲಿ ಜೋಡಿಸುವ ಆಟ. ನಡುವೆ ಇಡುವ ದುಂಡು ತಟ್ಟೆಗಳು ಇಬ್ಬರಿಗೆ 5, ಮೂವರಿಗೆ 7, ನಾಲ್ವರಿಗೆ 9; ಪ್ರತಿ ತಟ್ಟೆಗೆ 4 ಬಿಲ್ಲೆ. ತಲೆಗೆ ಒಂಬತ್ತೋ ಹತ್ತೋ ಬಿಲ್ಲೆ ಬಂತು, ವ್ಯತ್ಯಾಸವೇನಿಲ್ಲ ಅನ್ನಿಸುತ್ತದೆ. ಆದರೆ ಇಬ್ಬರೇ ಇದ್ದಾಗ ನಾನು ಬಿಟ್ಟದ್ದೆಲ್ಲ ನಿಮ್ಮ ತಲೆಗೇ. ಸುತ್ತು ಮುಗಿಯುವ ಹೊತ್ತಿಗೆ ಎಣಿಸಿ ಎಣಿಸಿ, ಆರು ನೀಲಿ ಬಿಲ್ಲೆಗಳನ್ನು ನೀವೇ ಎತ್ತಬೇಕಾದ ಹಾಗೆ ಮಾಡಬಲ್ಲೆ. ನೀಲಿ ಇಡಲು ನಿಮ್ಮಲ್ಲಿ ಒಂದೇ ಜಾಗ ಉಳಿದಿದ್ದರೆ ಮಿಕ್ಕ ಐದೂ ಕೆಳಗಿನ ದಂಡದ ಸಾಲಿಗೆ: 1, 1, 2, 2, 2. ಎಂಟು ಪಾಯಿಂಟ್ ಹೋಯಿತು. ಮೊದಲ ಸಲ ಆಡುವವರಿಗೆ ಇದು ಹಳೇ ಹಗೆ ತೀರಿಸಿಕೊಂಡಂತೆ ಕಾಣುತ್ತದೆ, ಎರಡನೇ ಆಟಕ್ಕೆ ಅವರು ಕೂರುವುದಿಲ್ಲ. ನಾಲ್ವರಿದ್ದರೆ ಇದರ ತದ್ವಿರುದ್ಧ: ಸರದಿ ಬರುವಷ್ಟರಲ್ಲಿ ಮೂವರು ತಟ್ಟೆ ಖಾಲಿ ಮಾಡಿರುತ್ತಾರೆ, ಹೊಸಬರು ಯೋಚಿಸುವುದನ್ನೇ ಬಿಟ್ಟು ಕೈಗೆ ಸಿಕ್ಕಿದ್ದನ್ನು ಎತ್ತುತ್ತಾರೆ. ಮೂವರಲ್ಲಿ ಯೋಚಿಸಿದ್ದಕ್ಕೂ ಫಲ ಉಂಟು, ಪೆಟ್ಟೂ ಹಂಚಿಹೋಗುತ್ತದೆ.

ಕೆಲವು ಕಡೆ ನಿಯಮವೇ ಬದಲಾಗುತ್ತದೆ. ರೈಲು ದಾರಿ ಹಿಡಿಯುವ ಆಟವಾದ ಟಿಕೆಟ್ ಟು ರೈಡ್‌ನಲ್ಲಿ ಎರಡು ಊರುಗಳ ನಡುವೆ ಜೋಡಿ ಹಳಿ ಇದ್ದರೂ, ಇಬ್ಬರೋ ಮೂವರೋ ಆಡುವಾಗ ಒಂದನ್ನು ಯಾರಾದರೂ ಹಿಡಿದರೆ ಇನ್ನೊಂದು ಬಂದ್. ನಾಲ್ವರಾದರೆ ಎರಡೂ ತೆರೆದಿರುತ್ತವೆ. ಹಾಗಾಗಿ ಕಲಿಸುವ ಹಿಂದಿನ ದಿನ ನೀವೊಬ್ಬರೇ ಕೂತು, ಎಷ್ಟು ಜನ ಬರುತ್ತಾರೋ ಅಷ್ಟು ಕೈಗಳಿಗೆ ಕಾರ್ಡು ಹಂಚಿ, ಎಲ್ಲರ ಪರವಾಗಿಯೂ ಎರಡು ಸುತ್ತು ಆಡಿ. ಪುಸ್ತಕ ಓದುವಾಗ ಹೊಳೆಯದ ಅನುಮಾನಗಳು ಆಗ ತಾವಾಗಿ ಏಳುತ್ತವೆ. ನಿಯಮ ಪುಸ್ತಕವನ್ನು ಜೋರಾಗಿ ಓದಿ ಹೇಳುವವರ ಜೊತೆ ಮಾತ್ರ ನನ್ನನ್ನು ಕೂರಿಸಬೇಡಿ. ಗೆಲ್ಲುವುದು ಹೇಗೆ, ಸರದಿ ಬಂದಾಗ ಏನೇನು ಮಾಡಬಹುದು, ಇಷ್ಟು ಹೇಳಿ ಮೊದಲ ಸರದಿ ನೀವೇ ಆಡಿ ತೋರಿಸಿ. ಉಳಿದದ್ದು ಎದುರಾದಾಗ ಹೇಳಿದರಾಯಿತು.

ನನ್ನ ಮೂರರ ಲೆಕ್ಕಕ್ಕೆ ಬಗ್ಗದ ಆಟವೂ ಇದೆ: 2010ರ ಸೆವೆನ್ ವಂಡರ್ಸ್. ಎಲ್ಲರೂ ಒಟ್ಟಿಗೆ ಕಾರ್ಡು ಆರಿಸುವುದರಿಂದ ಏಳು ಜನ ಇದ್ದರೂ ಕಾಯುವ ಗೋಳಿಲ್ಲ, ಲೇವಾದೇವಿಯೂ ಎಡಬಲದವರ ಜೊತೆ ಮಾತ್ರ. ಬಲ್ಲವರನ್ನು ಹೊಸಬರ ನಡುನಡುವೆ ಕೂರಿಸಿ, ಮೊದಲ ಯುಗವನ್ನು, ಅಂದರೆ ಆಟದ ಮೊದಲ ಘಟ್ಟವನ್ನು, ಕಾರ್ಡು ಬಿಚ್ಚಿಟ್ಟೇ ಆಡಿಸಿ.

ಉಳಿದ ಆಟಗಳಲ್ಲಿ ಮೂವರು ಕೂತ ಮೇಲೆ ನಾಲ್ಕನೆಯವರು ಬಾಗಿಲು ತಟ್ಟಿದರೆ? ಇಬ್ಬರು ಹೊಸಬರಿಗೆ ಒಂದೇ ಕೈ ಕೊಡಿ, ಪಿಸುಗುಟ್ಟಿಕೊಂಡು ಆಡಲಿ. ಕಾಯಿ ಮುಟ್ಟುವವರು ಯಾರು ಅನ್ನುವುದನ್ನು ಮಾತ್ರ ಮೊದಲೇ ಗೊತ್ತು ಮಾಡಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.