ರೇಪಿನ್ ಚಿತ್ರದ ಮುಂದೆ ಭೂತಗನ್ನಡಿ ಕೊಟ್ಟ ಮೇಷ್ಟ್ರು

ತೈಲವರ್ಣ ಕಲಿಯತೊಡಗಿದ ದಿನಗಳಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳ ನುಣುಪನ್ನೇ ಮಾದರಿಯಾಗಿಟ್ಟುಕೊಂಡಿದ್ದ ನಾವು, ಕುಂಚದ ಗುರುತು ಅಳಿದಷ್ಟೂ ಚಿತ್ರ ನೈಜವಾಗುತ್ತದೆಂದು ನಂಬಿದ್ದೆವು. ನಮ್ಮ ಮೇಷ್ಟ್ರು ಒಂದು ದಿನ ಸೋವಿಯತ್ ಕಾಲದ ಚಿತ್ರಸಂಪುಟವೊಂದನ್ನು ಬಿಡಿಸಿ, ರಷ್ಯಾದ ಚಿತ್ರಕಾರ ಇಲ್ಯಾ ರೇಪಿನ್ 1885ರಲ್ಲಿ ಮುಗಿಸಿದ, ಆ ನಾಡಿನ ದೊರೆ ತ್ಸಾರ್ ಇವಾನ್ ಮತ್ತು ಅವನ ಮಗನ ಚಿತ್ರವನ್ನು ತೋರಿಸಿ ನಮ್ಮ ಕೈಗೆ ಭೂತಗನ್ನಡಿ ಕೊಟ್ಟರು.

1581ರಲ್ಲಿ ತ್ಸಾರ್ ಸಿಟ್ಟಿನ ಭರದಲ್ಲಿ ತನ್ನ ದಂಡದಿಂದಲೇ ಮಗನನ್ನು ಹೊಡೆದನೆಂಬುದು ಕಥೆ. ರೇಪಿನ್ ಆ ಹೊಡೆತವನ್ನು ಬಿಟ್ಟು ಅದರ ಮರುಕ್ಷಣವನ್ನು ಆರಿಸಿಕೊಂಡಿದ್ದಾನೆ. ಹಿಂದಿನ ಕೋಣೆ ಕತ್ತಲಲ್ಲಿ ಅರೆಬರೆ ಕಾಣುತ್ತದೆ. ಮಗನ ನಸುಗುಲಾಬಿ ನಿಲುವಂಗಿಯ ಮಡಿಕೆಗಳಲ್ಲಿ ಕುಂಚ ಉದ್ದುದ್ದ ಹರಿದಿದೆ. ಕಣತಲೆಯ ಗಾಯವನ್ನು ಒತ್ತಿ ಹಿಡಿದ ತಂದೆಯ ಕೈಗೆ ಬಂದಾಗ ಮಾತ್ರ ಬೀಸುಗಳು ಗಿಡ್ಡವಾಗಿ, ಒಂದರ ಮೇಲೊಂದು ಒತ್ತಿಕೊಂಡು, ಬೆರಳ ಸಂದಿನಿಂದ ಒಸರುವ ರಕ್ತ ಇನ್ನೂ ಹಸಿಯಾಗಿರುವಂತೆ ತೋರುತ್ತದೆ. ತಂದೆಯ ಅಗಲವಾಗಿ ತೆರೆದ ಕಣ್ಣುಗಳ ಬಿಳುಪನ್ನು ಸುತ್ತಲಿನ ಕಪ್ಪು ಎತ್ತಿ ಹಿಡಿದಿದೆ. ಕ್ಯಾನ್ವಾಸಿನ ಉದ್ದಗಲಕ್ಕೂ ಒಂದೇ ಆವೇಶದ ಬೀಸುಗಳಿದ್ದಿದ್ದರೆ ಈ ಬಿಗುವು ಹುಟ್ಟುತ್ತಿರಲಿಲ್ಲ; ಸಡಿಲವಾದ ಭಾಗದಿಂದ ಬಿಗಿಯಾದ ಭಾಗಕ್ಕೆ ಕಣ್ಣು ಜಾರುವಾಗಲೇ ನೋಡುವವನ ಉಸಿರು ಹಿಡಿಯುತ್ತದೆ. (ರವಿವರ್ಮನ ನುಣುಪನ್ನು ಇದರಿಂದ ಹಳಿಯಬೇಕಿಲ್ಲ, ಆತನ ನಾಯಿಕೆಯರಿಗೆ ಅದು ಒಪ್ಪುತ್ತದೆ.)

ಆಮೇಲೆ ಮೇಷ್ಟ್ರು ಆ ಕೈಯೊಂದನ್ನೇ ಹಂದಿಕೂದಲಿನ ಬ್ರಶ್ಶಿನಲ್ಲಿ ನಕಲು ಮಾಡಿಸಿದರು. ಇಟ್ಟ ಬೀಸನ್ನು ಮತ್ತೆ ಸವರಿದರೆ ಗದರುತ್ತಿದ್ದರು. ನಾವು ಗೊಣಗಿದಾಗ ಹೇಳಿದ್ದು 1913ರ ಘಟನೆಯನ್ನು. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿ ಬಾಲಶೋವ್ ಎಂಬಾತ ಈ ಚಿತ್ರದ ಮುಖಗಳನ್ನು ಚಾಕುವಿನಿಂದ ಸೀಳಿದ. ಮುಪ್ಪಿನ ರೇಪಿನ್ ಸ್ವತಃ ಬಂದು ತಂದೆಯ ತಲೆಯನ್ನು ತಿದ್ದಿದ. ಆದರೆ ಅಷ್ಟರಲ್ಲಿ ಅವನ ಬಣ್ಣದ ರೂಢಿಯೇ ಬದಲಾಗಿದ್ದರಿಂದ, ಹೊಸದಾಗಿ ಹಚ್ಚಿದ ನೇರಳೆ ಛಾಯೆ ಹಳೆಯ ಚಿತ್ರಕ್ಕೆ ಹೊಂದಲಿಲ್ಲ. ಗ್ಯಾಲರಿಯ ಹೊಣೆ ಹೊತ್ತಿದ್ದ ಕಲಾವಿದ ಇಗೋರ್ ಗ್ರಬಾರ್ ಆ ಹಸಿ ಬಣ್ಣವನ್ನು ಒರೆಸಿ ತೆಗೆದು, ಸೀಳಿದ ಜಾಗಗಳನ್ನಷ್ಟೇ ಮೂಲಕ್ಕೆ ಹೊಂದಿಸಿದ.

ಈಗಿನ ವಿದ್ಯಾರ್ಥಿಗಳು ಈ ಚಿತ್ರವನ್ನು ಪರದೆಯ ಮೇಲೆ ಬೇಕಾದಷ್ಟು ಹಿಗ್ಗಿಸಿ ನೋಡಬಹುದು. ಮುಖಗಳಿಗೆ ಹೋಗುವ ಮೊದಲು, ಜಮಖಾನೆಯ ಕೆಂಪಿನ ಮೇಲೆ ರಕ್ತದ ಕೆಂಪನ್ನು ರೇಪಿನ್ ಹೇಗೆ ಬೇರ್ಪಡಿಸಿದ್ದಾನೆಂದು ಅವರು ಗಮನಿಸಲಿ. ನಮ್ಮ ತರಗತಿಯ ಅರ್ಧ ವಾದವೆಲ್ಲ ನಡೆದದ್ದು ಅಲ್ಲಿಯೇ.