ಊರಿಗೆ ಹೇಳದ ಮಾತನ್ನು ಚಿತ್ರಿಸಿದವರು

ಪ್ಯಾರಿಸ್ಸಿನಲ್ಲಿ ಯಾವ ದೊಡ್ಡ ಪುಸ್ತಕದಂಗಡಿಗೆ ಹೋದರೂ ಚಿತ್ರಕಥೆಗಳಿಗೆಂದೇ ಒಂದು ವಿಭಾಗವಿರುತ್ತದೆ. ನಮ್ಮಲ್ಲಿ ಮಕ್ಕಳ ಓದು ಎಂದು ಪಕ್ಕಕ್ಕಿಡುವ ಈ ಪ್ರಕಾರವನ್ನು ಇಲ್ಲಿ ‘ಒಂಬತ್ತನೆಯ ಕಲೆ’ ಎಂದು ಕರೆಯುತ್ತಾರೆ. ಕಚೇರಿ ಮುಗಿಸಿ ಬಂದ ನಡುವಯಸ್ಸಿನವರು ಕಪಾಟಿನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು ಅರ್ಧ ಪುಸ್ತಕವನ್ನು ಓದಿ ಮುಗಿಸುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ ನನ್ನ ಕುಂಟು ಫ್ರೆಂಚನ್ನು ನಂಬಿಕೊಂಡು ನಾನು ಓದಿದ ಮೊದಲ ಪುಸ್ತಕ, ಇರಾನಿನಿಂದ ಬಂದು ಇಲ್ಲಿ ನೆಲೆ ಕಂಡುಕೊಂಡ ಮರ್ಜಾನ್ ಸತ್ರಾಪಿ ತಮ್ಮ ಬದುಕನ್ನೇ ಚಿತ್ರಕಥೆಯಾಗಿಸಿದ ‘ಪರ್ಸೆಪೊಲಿಸ್’. ಹೊರದೇಶದಲ್ಲಿರುವವರು ಊರಿನ ಫೋನಿನಲ್ಲಿ ಬಾಯಿಬಿಡದೆ ನುಂಗಿಕೊಳ್ಳುವ ಸಂಗತಿಗಳನ್ನು ಅಷ್ಟು ನೇರವಾಗಿ ಕಾಗದದ ಮೇಲಿಟ್ಟ ಇನ್ನೊಬ್ಬರನ್ನು ನಾನು ಓದಿಲ್ಲ.

ಸತ್ರಾಪಿ ಹುಟ್ಟಿದ್ದು 1969ರಲ್ಲಿ, ಕ್ಯಾಸ್ಪಿಯನ್ ಕಡಲಿನ ದಿಕ್ಕಿನ ರಷ್ತ್ ನಗರದಲ್ಲಿ, ಬೆಳೆದದ್ದು ಟೆಹರಾನಿನಲ್ಲಿ. ಎಡಪಂಥೀಯ ಒಲವಿನ, ಓದಿಕೊಂಡ ಕುಟುಂಬದ ಒಬ್ಬಳೇ ಮಗಳು. ಫ್ರೆಂಚ್ ಕಲಿಸುವ ಶಾಲೆಗೆ ಹೋಗುತ್ತಿದ್ದ ಹುಡುಗಿಗೆ ಹತ್ತು ತುಂಬುವ ಹೊತ್ತಿಗೆ, ದೊರೆ ಷಾನನ್ನು ಉರುಳಿಸಿ ಇಸ್ಲಾಮಿಕ್ ಸರ್ಕಾರವನ್ನು ತಂದ 1979ರ ಕ್ರಾಂತಿ ನಡೆದುಹೋಗಿತ್ತು. ಮರುವರ್ಷ ಶಾಲೆಯಲ್ಲಿ ತಲೆವಸ್ತ್ರ ಕಡ್ಡಾಯವಾಯಿತು, ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಬೇರ್ಪಡಿಸಿದರು, ಸೆಪ್ಟೆಂಬರಿನಲ್ಲಿ ಇರಾಕಿನೊಂದಿಗೆ ಎಂಟು ವರ್ಷಗಳ ಯುದ್ಧ ಆರಂಭವಾಯಿತು. ಷಾನ ಕಾಲದಲ್ಲಿ ಸೆರೆಮನೆ ಕಂಡಿದ್ದ, ಅವಳು ಪ್ರಾಣದಂತೆ ಪ್ರೀತಿಸುತ್ತಿದ್ದ ಚಿಕ್ಕಪ್ಪ ಅನೂಷ್ ಅವರನ್ನು ಹೊಸ ಸರ್ಕಾರ ಗೂಢಚಾರನೆಂದು ಆರೋಪಿಸಿ ಕೊಂದಿತು. ತರಗತಿಯಲ್ಲಿ ಶಿಕ್ಷಕಿಯರಿಗೆ ಎದುರು ಮಾತಾಡುವ ಮಗಳನ್ನು ಈ ದೇಶದಲ್ಲಿ ಉಳಿಸಿಕೊಳ್ಳುವುದು ಅಪಾಯವೆಂದು ಕಂಡಾಗ, 1984ರಲ್ಲಿ ತಂದೆತಾಯಿ ಅವಳನ್ನು ವಿಯೆನ್ನಾಕ್ಕೆ ಕಳುಹಿಸಿದರು. ಆಗ ಅವಳಿಗೆ ಹದಿನಾಲ್ಕು ವರ್ಷ. ವಿಮಾನ ನಿಲ್ದಾಣದಲ್ಲಿ ಕೊನೆಯ ಬಾರಿ ತಿರುಗಿ ನೋಡಿದಾಗ, ಪ್ರಜ್ಞೆ ತಪ್ಪಿದ ತಾಯಿಯನ್ನು ತಂದೆ ಎರಡೂ ತೋಳುಗಳಲ್ಲಿ ಎತ್ತಿಕೊಂಡು ಹೋಗುತ್ತಿರುತ್ತಾರೆ.

ವಿಯೆನ್ನಾದ ಪುಟಗಳನ್ನು ನಾನು ಪದೇ ಪದೇ ಓದಿದ್ದೇನೆ. ತಾಯಿಯ ಗೆಳತಿಯ ಮನೆಯಲ್ಲಿ ಕೆಲವೇ ದಿನ, ಆಮೇಲೆ ಸನ್ಯಾಸಿನಿಯರು ನಡೆಸುವ ವಸತಿಗೃಹ, ಅಲ್ಲಿಂದ ಹೊರಬಿದ್ದು ಒಂದರ ನಂತರ ಒಂದರಂತೆ ಬಾಡಿಗೆ ಕೋಣೆಗಳು. ಇರಾನ್ ಎಂದೊಡನೆ ಎದುರಿನವರ ಮುಖದಲ್ಲಿ ಮೂಡುವ ಬದಲಾವಣೆಯನ್ನು ತಾಳಲಾರದೆ ಒಮ್ಮೆ ಅವಳು ತಾನು ಫ್ರೆಂಚ್ ಎಂದು ಹೇಳಿಬಿಡುತ್ತಾಳೆ. ಕೆಲವು ದಿನಗಳ ನಂತರ ಕೆಫೆಯೊಂದರಲ್ಲಿ ಪಕ್ಕದ ಮೇಜಿನ ಹುಡುಗಿಯರು ಅದೇ ಸುಳ್ಳನ್ನು ಎತ್ತಿಕೊಂಡು ನಗುವುದು ಅವಳ ಕಿವಿಗೆ ಬೀಳುತ್ತದೆ. ಎದ್ದು ನಿಂತು, ತಾನು ಇರಾನಿನವಳು, ಅದರ ಬಗ್ಗೆ ತನಗೆ ಹೆಮ್ಮೆಯಿದೆ ಎಂದು ಕೂಗಿ ಹೇಳುತ್ತಾಳೆ. ಹೊರಡುವ ಹಿಂದಿನ ರಾತ್ರಿ ಅಜ್ಜಿ ಹೇಳಿಕಳುಹಿಸಿದ್ದೂ ಅದನ್ನೇ: ಘನತೆ ಬಿಡಬೇಡ, ನಿನಗೆ ನೀನು ದ್ರೋಹ ಮಾಡಿಕೊಳ್ಳಬೇಡ.

ಪ್ರೇಮ ಮುರಿದು, ಕೊನೆಯ ಬಾಡಿಗೆ ಮನೆಯನ್ನೂ ಬಿಟ್ಟು ಬಂದ ಮೇಲೆ ಅವಳು ಚಳಿಗಾಲದ ತಿಂಗಳುಗಳನ್ನು ಬೀದಿಯಲ್ಲೇ ಕಳೆಯುತ್ತಾಳೆ. ಹಗಲು ಟ್ರಾಮಿನ ಸೀಟಿನಲ್ಲಿ ನಿದ್ದೆ, ಕಸದ ತೊಟ್ಟಿಯಲ್ಲಿ ಸಿಕ್ಕಿದ್ದು ಊಟ. ಕೆಮ್ಮು ಹೆಚ್ಚಿ, ಎಚ್ಚರ ತಪ್ಪಿ ಬಿದ್ದವಳಿಗೆ ಮತ್ತೆ ಕಣ್ಣು ಬಿಟ್ಟಾಗ ತಾನು ಆಸ್ಪತ್ರೆಯಲ್ಲಿರುವುದು ತಿಳಿಯುತ್ತದೆ. ಆಮೇಲೆ ಮನೆಯವರೊಂದಿಗೆ ಫೋನಿನಲ್ಲಿ ಮಾತಾಡುವಾಗ ಅವಳು ಕೇಳಿಕೊಳ್ಳುವುದು ಒಂದೇ: ವಾಪಸು ಬರುತ್ತೇನೆ, ಆದರೆ ಈ ತಿಂಗಳುಗಳ ಬಗ್ಗೆ ನನ್ನನ್ನು ಎಂದಿಗೂ ಕೇಳಬಾರದು. ತಂದೆತಾಯಿ ಒಪ್ಪುತ್ತಾರೆ.

ಇಲ್ಲಿರುವ ನಮಗೂ ಈ ಮೌನದ ಪರಿಚಯ ಚೆನ್ನಾಗಿಯೇ ಇದೆ. ಅಮ್ಮ “ಊಟ ಆಯ್ತಾ, ಚಳಿ ಜಾಸ್ತಿನಾ?” ಎಂದು ಕೇಳಿದಾಗ, ಹೀಟರ್ ಕೆಟ್ಟ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಕುಳಿತು “ಎಲ್ಲಾ ಚೆನ್ನಾಗಿದೆ ಅಮ್ಮ” ಎಂದು ಹೇಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ನಮ್ಮ ಕಷ್ಟವನ್ನು ಅವರದಕ್ಕೆ ಹೋಲಿಸುವುದು ತಪ್ಪಾಗುತ್ತದೆ. ನಮಗೆ ರಜೆ ಸಿಕ್ಕರೆ ಬೆಂಗಳೂರಿಗೆ ವಿಮಾನ ಹತ್ತಬಹುದು. ಅವಳ ಊರಿನ ಮೇಲೆ ಕ್ಷಿಪಣಿಗಳು ಬೀಳುತ್ತಿದ್ದವು. ಯುದ್ಧದಲ್ಲಿ ನರಳಿದವರ ಮುಂದೆ ತನ್ನ ಯೂರೋಪಿನ ಗೋಳನ್ನು ಹೇಳಿಕೊಳ್ಳುವುದು ಅವಳಿಗೆ ನಾಚಿಕೆಯ ಮಾತಾಗಿತ್ತು. ಇಷ್ಟು ವರ್ಷ ತಂದೆತಾಯಿಗೂ ಬಿಚ್ಚಿಡದ ಆ ಬದುಕನ್ನು ಮುಂದೆ ಅಪರಿಚಿತ ಓದುಗರ ಕೈಗಿಡಲು ಎಷ್ಟು ಧೈರ್ಯ ಬೇಕಾಯಿತೆಂದು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ.

1988ರಲ್ಲಿ ಅವರು ಟೆಹರಾನಿಗೆ ಮರಳಿದರು. ಕಲಾ ವಿಭಾಗದ ಪ್ರವೇಶ ಪರೀಕ್ಷೆಗೆ ಮೈಕೆಲೆಂಜೆಲೋ ಕೆತ್ತಿದ ‘ಪಿಯೆತಾ’ವನ್ನು ಮಾದರಿಯಾಗಿಟ್ಟುಕೊಂಡು, ಮೇರಿಗೆ ಇರಾನಿನ ಹೆಂಗಸರು ತಲೆಯಿಂದ ಪಾದದವರೆಗೆ ಹೊದ್ದುಕೊಳ್ಳುವ ಚಾದರ ಹೊದಿಸಿ, ಮಡಿಲಲ್ಲಿ ಏಸುವಿನ ಬದಲು ಸಮವಸ್ತ್ರದ ಸೈನಿಕನನ್ನು ಮಲಗಿಸಿದ ಚಿತ್ರ ಬರೆದರು. ಸೀಟು ಸಿಕ್ಕಿತು. ಅಂಗರಚನೆಯ ತರಗತಿಯ ಪ್ರಸಂಗವಂತೂ ಕಲೆ ಕಲಿಯುವವರೆಲ್ಲ ನೋಡಬೇಕಾದದ್ದು. ಅಡಿಯಿಂದ ಮುಡಿಯವರೆಗೆ ಕಪ್ಪು ಚಾದರದೊಳಗಿರುವ ರೂಪದರ್ಶಿಯ ಸುತ್ತ ವಿದ್ಯಾರ್ಥಿನಿಯರು ಎಲ್ಲ ದಿಕ್ಕಿನಿಂದಲೂ ಗೆರೆ ಎಳೆಯಲು ಪ್ರಯತ್ನಿಸುತ್ತಾರೆ. ಯಾವ ದಿಕ್ಕಿನಿಂದ ನೋಡಿದರೂ ಒಂದು ಅಂಗವೂ ಕಾಣುವುದಿಲ್ಲ, ಬಟ್ಟೆಯ ಮಡಿಕೆಗಳನ್ನು ಬರೆಯುವುದನ್ನಷ್ಟೇ ಕಲಿಯುತ್ತಾರೆ. ಇನ್ನೊಮ್ಮೆ, ಮೈತುಂಬ ಬಟ್ಟೆ ತೊಟ್ಟ ಗಂಡು ರೂಪದರ್ಶಿಯನ್ನು ದಿಟ್ಟಿಸಿ ನೋಡುತ್ತಿದ್ದಾಳೆಂದು ಮೇಲ್ವಿಚಾರಕ ಆಕ್ಷೇಪಿಸುತ್ತಾನೆ. ಹಾಗಾದರೆ ಬಾಗಿಲನ್ನು ನೋಡಿಕೊಂಡು ಇವನನ್ನು ಬರೆಯಲೇ ಎಂದು ಸತ್ರಾಪಿ ಕೇಳಿದರೆ, ಹೌದು ಎನ್ನುತ್ತಾನೆ.

ಇಪ್ಪತ್ತೊಂದಕ್ಕೆ ಆದ ಮದುವೆ ಉಳಿಯಲಿಲ್ಲ. 1994ರಲ್ಲಿ ಅವರು ಎರಡನೆಯ ಬಾರಿ ದೇಶ ಬಿಟ್ಟು ಸ್ಟ್ರಾಸ್‌ಬರ್ಗ್‌ನ ಕಲಾಶಾಲೆ ಸೇರಿದರು. ಅದಾದ ಮೇಲೆ ಅಜ್ಜಿಯನ್ನು ಕಂಡದ್ದು ಒಂದೇ ಸಲ, 1995ರಲ್ಲಿ ಇರಾನಿನ ಹೊಸವರ್ಷದ ನೌರೂಜ್ ಹಬ್ಬಕ್ಕೆ. 1996ರ ಜನವರಿಯಲ್ಲಿ ಅಜ್ಜಿ ತೀರಿಕೊಂಡರು. ಪುಸ್ತಕ ಮುಗಿಯುವುದು ಆ ಸಾವಿನ ಸುದ್ದಿಯೊಂದಿಗೆ.

ಪ್ಯಾರಿಸ್ಸಿನಲ್ಲಿ ಅವರಿಗೆ ದಾರಿ ತೆರೆದದ್ದು ಪ್ಲಾಸ್ ದೆ ವೋಜ್ ಚೌಕದ ಕಲಾವಿದರ ಕಾರ್ಯಾಗಾರ. ಅದಕ್ಕೆ ಮೊದಲು ಮಕ್ಕಳ ಪುಸ್ತಕಗಳಿಗಾಗಿ ಚಿತ್ರ ಬರೆದು ಕಳುಹಿಸಿ, ಪ್ರಕಾಶಕರಿಂದ ನಿರಾಕರಣೆಯ ಪತ್ರಗಳನ್ನೇ ಪಡೆಯುತ್ತಿದ್ದರು. ಅವರು ಹೇಳುತ್ತಿದ್ದ ಇರಾನಿನ ಕಥೆಗಳನ್ನು ಕೇಳಿದ ಸಹಕಲಾವಿದರು ಇದನ್ನೇ ಬರೆ ಎಂದು ಹಿಂದೆ ಬಿದ್ದರು. ಕಲಾವಿದರೇ ಕಟ್ಟಿದ ‘ಲಸೊಸಿಯಾಸ್ಯೋಂ’ ಎಂಬ ಸಣ್ಣ ಪ್ರಕಾಶನ 2000ದಿಂದ 2003ರವರೆಗೆ ನಾಲ್ಕು ಸಂಪುಟಗಳನ್ನು ತಂದಿತು. ಬೂದು ಛಾಯೆಯೂ ಇಲ್ಲದ ಬರಿಯ ಕಪ್ಪು ಬಿಳುಪಿನ ಚಿತ್ರಗಳವು. ಬಣ್ಣ ತುಂಬಿದ್ದರೆ ಓದುಗರು ಇದನ್ನು ದೂರದ ಯಾವುದೋ ಪೂರ್ವದೇಶದ ಕಥೆಯೆಂದು ನೋಡಿ ಮರೆಯುತ್ತಿದ್ದರೆಂದು ನನಗನಿಸುತ್ತದೆ. ಈ ಗೆರೆಗಳಲ್ಲಿ ಟೆಹರಾನಿನ ಹುಡುಗಿಯ ಮುಖ ಯಾವ ಊರಿನ ಹುಡುಗಿಯದೂ ಆಗಬಲ್ಲದು.

2007ರಲ್ಲಿ ಫ್ರೆಂಚ್ ಚಿತ್ರಕಥಾ ಕಲಾವಿದ ವ್ಯಾನ್ಸಾನ್ ಪರೋನೋ ಜೊತೆಗೂಡಿ ಅದನ್ನೇ ಅನಿಮೇಷನ್ ಚಿತ್ರವಾಗಿಸಿದರು. ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಬಂತು, ಆಸ್ಕರಿಗೂ ನಾಮನಿರ್ದೇಶನವಾಯಿತು, ಇರಾನಿನ ಅಧಿಕೃತ ಸಿನಿಮಾ ಸಂಸ್ಥೆ ಪ್ರತಿಭಟಿಸಿತು. ಮುಂದೆ ಮೇರಿ ಕ್ಯೂರಿಯವರ ಕುರಿತ ಚಿತ್ರವನ್ನೂ ನಿರ್ದೇಶಿಸಿದರು. ಅವರ ಇತರ ಕೃತಿಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ‘ಬ್ರೊದೆರಿ’. ಊಟವಾದ ಮೇಲೆ ಗಂಡಸರು ಮಲಗಲು ಹೋದಾಗ, ಅಜ್ಜಿ ಚಹಾ ತುಂಬಿದ ಪಾತ್ರೆಯ ಮುಂದೆ ಮನೆಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಗಂಡ, ಮದುವೆ, ಮೋಸಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಿಗಿಳಿಯುವ ಪುಸ್ತಕವದು. ನಮ್ಮ ನಡುಮನೆಯಲ್ಲಿ ಮಧ್ಯಾಹ್ನ ಎಲೆಅಡಿಕೆಯ ತಟ್ಟೆಯ ಸುತ್ತ ನಡೆಯುವ ಮಾತುಕತೆ ಕೇಳಿ ಬೆಳೆದವರಿಗೆ ಅದನ್ನು ವಿವರಿಸಬೇಕಿಲ್ಲ.

2022ರ ಸೆಪ್ಟೆಂಬರಿನಲ್ಲಿ ತಲೆವಸ್ತ್ರದ ಕಾರಣಕ್ಕೆ ಬಂಧಿತಳಾದ ಮಹ್ಸಾ ಅಮಿನಿ ಟೆಹರಾನಿನಲ್ಲಿ ಸತ್ತಾಗ ಈ ಊರಿನ ಬೀದಿಗಳಲ್ಲೂ ‘ಹೆಣ್ಣು, ಬದುಕು, ಸ್ವಾತಂತ್ರ್ಯ’ ಎಂಬ ಘೋಷಣೆ ಮೊಳಗಿತು. ಚಿತ್ರಕಥೆಗಳಿಂದ ದೂರ ಸರಿದಿದ್ದ ಸತ್ರಾಪಿ ಮತ್ತೆ ಆ ಕಡೆ ಬಂದದ್ದು ಆಗಲೇ. ಹಲವು ಕಲಾವಿದರನ್ನು ಕಲೆಹಾಕಿ, ಇರಾನನ್ನು ಬಲ್ಲ ವಿದ್ವಾಂಸರನ್ನೂ ಪತ್ರಕರ್ತರನ್ನೂ ಸೇರಿಸಿಕೊಂಡು, 2023ರಲ್ಲಿ ಅದೇ ಹೆಸರಿನ ಸಂಕಲನವನ್ನು ಹೊರತಂದರು.

2024ರಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಆರಿಸಿತು. 2025ರ ಜನವರಿಯಲ್ಲಿ ದೇಶದ ಅತ್ಯುನ್ನತ ಗೌರವವಾದ ‘ಲೆಜಿಯೋಂ ದೊನೋರ್’ ಅವರನ್ನು ಅರಸಿ ಬಂದಾಗ ಮಾತ್ರ ಅವರು ಬೇಡವೆಂದರು. ಇರಾನಿನ ಅಧಿಕಾರಸ್ಥ ಸಿರಿವಂತರ ಮಕ್ಕಳು ಪ್ಯಾರಿಸ್ಸಿನಲ್ಲೂ ಸಿರಿವಂತರ ಕಡಲತೀರದ ಊರಾದ ಸೇಂಟ್ ಟ್ರೊಪೇಯಲ್ಲೂ ಆರಾಮವಾಗಿ ಓಡಾಡಿಕೊಂಡಿರುವಾಗ, ಸ್ವಾತಂತ್ರ್ಯಕ್ಕಾಗಿ ಹೋರಾಡುವ ಅಲ್ಲಿನ ಯುವಜನರಿಗೆ ಪ್ರವಾಸಿ ವೀಸಾ ಕೂಡ ಸಿಗುತ್ತಿಲ್ಲ, ಫ್ರಾನ್ಸಿನ ಈ ನಡೆ ಬೂಟಾಟಿಕೆಯದು ಎಂಬುದು ಅವರು ಬಹಿರಂಗವಾಗಿ ಕೊಟ್ಟ ಕಾರಣ. 2006ರಿಂದಲೇ ಫ್ರೆಂಚ್ ಪೌರತ್ವ ಹೊಂದಿರುವ ಅವರು ಈ ಮಾತನ್ನು ಅತಿಥಿಯಾಗಿ ಆಡಲಿಲ್ಲ, ಈ ದೇಶದ ಪ್ರಜೆಯಾಗಿ ತಮ್ಮ ಸರ್ಕಾರಕ್ಕೇ ಹೇಳಿದರು. ಆಶ್ರಯ ಕೊಟ್ಟ ದೇಶದ ಮುಂದೆ ಸದಾ ತಲೆಬಾಗಿ ಕೃತಜ್ಞತೆ ಹೇಳುತ್ತಿರಬೇಕೆಂಬ ನಿರೀಕ್ಷೆ ಇಲ್ಲಿ ಬಂದು ನೆಲೆಸಿದ ಪ್ರತಿಯೊಬ್ಬರ ಮೇಲೂ ಇರುತ್ತದೆ; ಸತ್ರಾಪಿ ಅದಕ್ಕೆ ಸೊಪ್ಪು ಹಾಕಲಿಲ್ಲ.